ಪಾಟೀಸವಾಲು ಎಂದು ತಿದ್ದಿಕೊಟ್ಟವರಿಗೆ

ಭಾನುವಾರ ಸಂಜೆ ಗಾಂಧಿ ಬಜಾರಿನ ಹಿಂದಿನ ಬೀದಿಯ ಮಹಡಿಯೊಂದರಲ್ಲಿ ‘ಮೆಕ್‌ಲೈಬಲ್’ ಸಾಕ್ಷ್ಯಚಿತ್ರವನ್ನು ಕನ್ನಡ ಅಡಿಬರಹದೊಂದಿಗೆ ತೋರಿಸಿದೆವು. ಹದಿನಾಲ್ಕು ತಿಂಗಳ ಕೆಲಸ ದಡ ಸೇರಿತು. ಮಳೆಯಲ್ಲಿ ನೆನೆದುಕೊಂಡೇ ಬಂದ ಎಲ್ಲರಿಗೂ ಕೈಮುಗಿಯುತ್ತೇನೆ.

ಚಿತ್ರ ಹೇಳುವುದು ನಿಜವಾಗಿ ನಡೆದ ಮೊಕದ್ದಮೆಯ ಕಥೆ. ತನ್ನನ್ನು ಟೀಕಿಸುವ ಕರಪತ್ರವೊಂದನ್ನು ಹಂಚಿದ್ದಕ್ಕೆ 1990ರಲ್ಲಿ ಬರ್ಗರ್ ಕಂಪನಿ ಮೆಕ್‌ಡೊನಾಲ್ಡ್ಸ್ ಲಂಡನ್ನಿನ ಐವರ ಮೇಲೆ ಮಾನನಷ್ಟ ದಾವೆ ಹೂಡಿತು. ಮೂವರು ಕ್ಷಮೆ ಕೇಳಿದರು. ಹೆಲೆನ್ ಸ್ಟೀಲ್, ಡೇವ್ ಮಾರಿಸ್ ಕೇಳಲಿಲ್ಲ. ಸರ್ಕಾರದ ಕಾನೂನು ನೆರವು ಸಿಗದೆ, 300ಕ್ಕೂ ಹೆಚ್ಚು ದಿನ ನ್ಯಾಯಾಲಯದಲ್ಲಿ ತಾವೇ ನಿಂತು ವಾದಿಸಿದರು.

ಹೆಲೆನ್ ಕಂಪನಿಯ ಸಾಕ್ಷಿಗಳನ್ನು ಪ್ರಶ್ನಿಸುವ ಕಡೆಯೆಲ್ಲ ನಾನು ಅಡಿಬರಹದಲ್ಲಿ ‘ಅಡ್ಡ ಪ್ರಶ್ನೆ’ ಎಂದು ಬರೆದಿದ್ದೆ. ಕೆಳಮನೆಯ ತಾತ ಸಿವಿಲ್ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದವರು. ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ ‘ಪಾಟೀಸವಾಲು’ ಎಂದು ಬರೆದರು. “ಈ ಮಾತು ಕಿವಿಗೆ ಬಿದ್ದರೆ ಸಾಕ್ಷಿಕಟ್ಟೆಯಲ್ಲಿ ನಿಂತವನ ಗಂಟಲು ಒಣಗುತ್ತದಮ್ಮ. ಅದನ್ನೇಕೆ ಬಿಟ್ಟೆ?” ಎಂದರು. ತಾತ, ಕಣ್ಣಿನ ಪೊರೆ ತೆಗೆಸುವ ಹಿಂದಿನ ದಿನವೂ ಹಾಳೆಗಳನ್ನು ಕೇಳಿ ಪಡೆದಿರಿ. ಈ ಋಣ ನನ್ನಿಂದ ತೀರುವಂಥದ್ದಲ್ಲ.

ಪ್ರೊಜೆಕ್ಟರ್ ಹೊತ್ತು ತಂದ ಹುಡುಗರಿಗೆ, ಕರೆಂಟು ಹೋದಾಗ ಯುಪಿಎಸ್ ಕೊಟ್ಟ ಜೆರಾಕ್ಸ್ ಅಂಗಡಿಯವರಿಗೆ ವಂದನೆ.

ಅಮ್ಮನಿಗೆ ಬೇರೆಯಾಗಿಯೇ ಹೇಳಬೇಕು. ಓದು ಬಾರದ ಹೂವಿನ ಅಕ್ಕನ ಪಕ್ಕ ಕೂತು, ಒಂದೊಂದು ಸಾಲನ್ನೂ ಮೆಲ್ಲಗೆ ಓದಿ ಹೇಳಿದಳು. 1997ರ ತೀರ್ಪು ಬಂದಾಗ ನಮ್ಮ ಮಹಡಿಯಲ್ಲಿ ಕೇಳುತ್ತಿದ್ದುದು ಅವಳ ದನಿ ಮಾತ್ರ. ಕಡಿಮೆ ಸಂಬಳ, ಪ್ರಾಣಿಹಿಂಸೆ, ಮಕ್ಕಳನ್ನು ಸೆಳೆಯುವ ಜಾಹೀರಾತು, ಇಂಥ ಕೆಲವು ಆರೋಪಗಳು ನಿಜವೆಂದ ನ್ಯಾಯಾಧೀಶರು, ಉಳಿದವಕ್ಕಾಗಿ 60,000 ಪೌಂಡ್ ಪರಿಹಾರ ಕೊಡಬೇಕೆಂದರು. ಮೇಲ್ಮನವಿಯಲ್ಲಿ ಅದು 40,000ಕ್ಕೆ ಇಳಿಯಿತು.

“ಕಟ್ಟಿದರೇ?” ಎಂದು ಅಕ್ಕ ಗಟ್ಟಿಯಾಗಿಯೇ ಕೇಳಿದರು. ಇಲ್ಲ ಅಕ್ಕ, ಅವರು ಕಟ್ಟಲೇ ಇಲ್ಲ. ನೆರವು ಕೊಡದೆ ಇಬ್ಬರನ್ನು ಅಷ್ಟು ದೊಡ್ಡ ಕಂಪನಿಯೆದುರು ನಿಲ್ಲಿಸಿದ್ದು ನ್ಯಾಯವಲ್ಲವೆಂದು 2005ರ ಫೆಬ್ರವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೇ ಹೇಳಿತು.

ಹೊರಡುವಾಗ ಅಕ್ಕ ಮೆಟ್ಟಿಲ ಬಳಿ ನಿಂತು, “ಮಧ್ಯಾಹ್ನ ವ್ಯಾಪಾರವಿಲ್ಲದ ಹೊತ್ತಿನಲ್ಲಿ ಇನ್ನೊಮ್ಮೆ ಹಾಕಿ. ನಮ್ಮ ಸಾಲಿನವರನ್ನೆಲ್ಲ ಕರೆತರುತ್ತೇನೆ” ಎಂದರು.

ಮಂಗಳವಾರ ಮೂರು ಗಂಟೆಗೆ ಹಾಕುತ್ತೇವೆ ಅಕ್ಕ. ಓದಿ ಹೇಳಲು ಅಮ್ಮನೂ ಬರುತ್ತಾಳೆ.