ಹಿಡಿ ಅಕ್ಕಿಯ ಲೆಕ್ಕದ ಪುಸ್ತಕ

ಮಾನ್ಯ ಸಂಪಾದಕರೇ,

ನಮ್ಮ ಸಮಾಜದ ಸ್ಮರಣ ಸಂಚಿಕೆ ಮೊನ್ನೆ ಕೈಗೆ ಬಂತು. ಅಧ್ಯಕ್ಷರು, ಕಾರ್ಯದರ್ಶಿಗಳು ಎಲ್ಲರ ಫೋಟೋ ಇದೆ. ಸಮಾಜದ ಹೆಂಗಸರ ಸಂಘವಾದ ಅಕ್ಕನ ಬಳಗಕ್ಕೆ ಸಿಕ್ಕಿದ್ದು ಒಂದೇ ಸಾಲು, ‘ಮಹಿಳೆಯರು ಸಹಕರಿಸಿದರು’ ಅಂತ. ತುಂಬಾ ಬೇಜಾರಾಯಿತು, ಅದಕ್ಕೇ ಈ ಪತ್ರ.

ಸೋಮವಾರಪೇಟೆ ಕಡೆಯ ನಮ್ಮೂರಲ್ಲಿ ಬಳಗ ನಡೆದದ್ದೇ ಹಿಡಿ ಅಕ್ಕಿಯಿಂದ. ಅನ್ನಕ್ಕೆ ಇಡುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕಬೇಕು, ತಿಂಗಳಿಗೊಮ್ಮೆ ಎಲ್ಲಾ ಮನೆಯದ್ದು ಸೇರಿಸಿ ಮಾರಬೇಕು, ಬಂದ ದುಡ್ಡಲ್ಲಿ ಮಕ್ಕಳ ಪುಸ್ತಕ, ಬಾಣಂತಿಯರ ಔಷಧಿ. ಜೋರು ಮಳೆಗೆ ತೋಟದ ಕೆಲಸ ನಿಂತು ಕೂಲಿ ಇಲ್ಲದ ಮನೆಗಳಿಗೆ ಮಾತ್ರ ಅಕ್ಕಿಯನ್ನೇ ಕೊಡುತ್ತಿದ್ದರು. ನಮ್ಮತ್ತೆ ಆಯ್ದಕ್ಕಿ ಲಕ್ಕಮ್ಮನ ಕತೆ ಎಷ್ಟು ಸಲ ಹೇಳಿದ್ದಾರೋ! 12ನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಮಿಕ್ಕಿದ್ದನ್ನು ಅಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳಿಸಿದ ಹೆಣ್ಣುಮಗಳು ಆಕೆ. ಕಾಯಕ, ದಾಸೋಹ ಅಂದರೇನು ಅಂತ ನನಗೆ ಅರ್ಥ ಆಗಿದ್ದು ಆ ಡಬ್ಬದಿಂದ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗಲೂ ನಮ್ಮೂರಿಂದ ಪರಿಹಾರ ಕೇಂದ್ರಕ್ಕೆ ಮೊದಲು ಹೋದದ್ದು ಅದೇ ಅಕ್ಕಿ.

ಅತ್ತೆಯ ಟ್ರಂಕಿನಲ್ಲಿ ಬಳಗದ ಹಳೇ ಲೆಕ್ಕದ ಪುಸ್ತಕ ಸಿಕ್ಕಿತು. ಅದರಲ್ಲೂ ಹೆಸರುಗಳಿಲ್ಲ ನೋಡಿ. ‘ಮೇಷ್ಟ್ರ ಮನೆಯವರು ಎರಡು ಸೇರು’, ‘ಅಂಗಡಿ ಮನೆಯವರು ಒಂದೂವರೆ ಸೇರು’ ಅಂತಷ್ಟೇ. ಅವರಿವರನ್ನು ಕೇಳಿ ಕೇಳಿ ಇಲ್ಲಿ ತನಕ ಒಂಬತ್ತು ಜನರ ಹೆಸರು ಹುಡುಕಿದ್ದೇನೆ. ಒಬ್ಬರ ಹೆಸರಂತೂ ಸಿಕ್ಕಿದ್ದು ಅವರು ಬಳಗಕ್ಕೆ ಕೊಟ್ಟ ಹಿತ್ತಾಳೆ ಪಾತ್ರೆಯ ಮೇಲೆ, ಅಂಚಿನಲ್ಲಿ ಕೊರೆಸಿದ್ದರು.

ಕತೆಗಾರ್ತಿ ಕೊಡಗಿನ ಗೌರಮ್ಮ 1934ರಲ್ಲಿ ಗಾಂಧೀಜಿಗೆ ಒಡವೆ ಬಿಚ್ಚಿ ಕೊಟ್ಟದ್ದು ನಮಗೆಲ್ಲ ಗೊತ್ತು. 27ನೇ ವಯಸ್ಸಿಗೇ ತೀರಿಕೊಂಡರೂ ಆಕೆ ನಮ್ಮ ನೆನಪಿನಲ್ಲಿದ್ದಾರೆ, ಯಾಕೆಂದರೆ ಅವರೂ ಬರೆದರು, ಬೇರೆಯವರೂ ಅವರ ಬಗ್ಗೆ ಬರೆದರು. ಹಿಡಿ ಅಕ್ಕಿ ಕೊಟ್ಟವರ ಬಗ್ಗೆ ಯಾರೂ ಬರೆಯಲಿಲ್ಲ ಅಲ್ವಾ? ಕೊಡವ ಹೆಂಗಸರ ಪೊಮ್ಮಕ್ಕಡ ಕೂಟಗಳಲ್ಲಿ, ಊರೂರಿನ ಮಹಿಳಾ ಸಮಾಜಗಳಲ್ಲಿ ಕೂಡ ಇಂಥ ಪುಸ್ತಕಗಳು ಟ್ರಂಕಿನಲ್ಲೇ ಇರಬಹುದು. ಅವು ಗೆದ್ದಲು ಹಿಡಿಯುವ ಮೊದಲು ವಾರಕ್ಕೊಮ್ಮೆ ನಿಮ್ಮ ಪತ್ರಿಕೆಯಲ್ಲಿ ಸ್ವಲ್ಪ ಜಾಗ ಕೊಡಿ, ನಾವೇ ಬರೆದು ಕಳಿಸುತ್ತೇವೆ.

ನಮ್ಮ ಬಳಗದ ಹಿರಿಯರಿಗೆ ಈಗ 88 ವರ್ಷ. ಮಳೆ ಹಿಡಿದ ಮೇಲೆ ದಿನಾ ಮಧ್ಯಾಹ್ನ ಅವರ ಹತ್ತಿರ ಕೂತು ಬರೆದುಕೊಳ್ಳುತ್ತಿದ್ದೇನೆ. ಮೇಷ್ಟ್ರ ಮನೆಯವರ ಹೆಸರು ಇನ್ನೂ ಸಿಕ್ಕಿಲ್ಲ.

ಇಂತಿ,
ಅಕ್ಕನ ಬಳಗದ ಸದಸ್ಯೆ, ಸೋಮವಾರಪೇಟೆ ತಾಲ್ಲೂಕು