ಮಣ್ಣಿನಡಿ ಹೋದವನನ್ನು ಬದುಕಿಸಿ ತಂದ ತಿರುವಿನ ಬಗ್ಗೆ ದೂರು

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು,
ರಾತ್ರಿ ಎಂಟೂವರೆ ಧಾರಾವಾಹಿಯ ವಾಹಿನಿ, ಬೆಂಗಳೂರು

ಇಂದ,
ನಿಮ್ಮ ವೀಕ್ಷಕಿ,
ಮಾದಾಪುರ, ಕೊಡಗು ಜಿಲ್ಲೆ

ವಿಷಯ: ಧಾರಾವಾಹಿಯಲ್ಲಿ ನಾಯಕಿಯ ಗಂಡ ಮರಳಿ ಬಂದ ಕಥೆ

ಮಾನ್ಯರೇ,

ಹದಿನಾರು ತಿಂಗಳಿಂದ ನಮ್ಮ ಮನೆಯಲ್ಲಿ ರಾತ್ರಿ ಎಂಟೂವರೆಗೆ ನಿಮ್ಮ ಧಾರಾವಾಹಿ ಬಿಟ್ಟು ಬೇರೇನೂ ಓಡಿಲ್ಲ. ಮಳೆಗಾಲದಲ್ಲಿ ಇಲ್ಲಿ ಟಿವಿ ನೋಡುವುದು ಸುಲಭ ಅಲ್ಲ. ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಕರೆಂಟ್ ಇದ್ದರೂ ಮಳೆ ಜೋರಾದರೆ ಡಿಶ್‌ಗೆ ಸಿಗ್ನಲ್ ಬರುವುದಿಲ್ಲ. ತಪ್ಪಿದ ಸಂಚಿಕೆಯನ್ನು ಮೊಬೈಲ್‌ನಲ್ಲಿ ನೋಡಲು ನೆಟ್‌ವರ್ಕ್ ಹುಡುಕುತ್ತಾ ಕೊಡೆ ಹಿಡಿದು ಗೇಟಿನ ತನಕ ಹೋಗಿದ್ದೇನೆ. ಇಷ್ಟೆಲ್ಲ ಮಾಡಿದ್ದು ಆ ಹುಡುಗಿಗಾಗಿ, ನಿಮ್ಮ ನಾಯಕಿಗಾಗಿ.

ಆಕೆಯನ್ನು ನೀವು ತುಂಬಾ ಚೆನ್ನಾಗಿ ಬೆಳೆಸಿದ್ದಿರಿ. ಗುಡ್ಡ ಕುಸಿದು ಗಂಡ ಹೋದ. ದೇಹ ಸಿಗಲಿಲ್ಲ. ಮೈದುನ ತೋಟ ಬರೆಸಿಕೊಳ್ಳಲು ಬಂದಾಗ ಆಕೆ ಸಹಿ ಹಾಕಲಿಲ್ಲ. ಗಂಡನ ಜೀಪಿನ ಕೀಯನ್ನು ಸೆರಗಿಗೆ ಗಂಟು ಹಾಕಿಕೊಂಡು ಎಷ್ಟೋ ಸಂಚಿಕೆ ಹಾಗೇ ಓಡಾಡಿದಳು. ಆಮೇಲೆ ಒಂದು ದಿನ ಜೀಪ್ ಹತ್ತಿದಳು. ಮೂರು ಸಲ ಗಾಡಿ ಆಫ್ ಆಯಿತು. ನಾಲ್ಕನೇ ಸಲ ಏರು ಹತ್ತಿ ಗೇಟ್ ದಾಟಿತು. ನಮ್ಮ ಅವ್ವನಿಗೆ ಎಪ್ಪತ್ತಾರು ವರ್ಷ. ಕೂತಲ್ಲೇ ಚಪ್ಪಾಳೆ ತಟ್ಟಿದರು. ಆ ದೃಶ್ಯದಲ್ಲಿ ಮಾತು ಒಂದೂ ಇರಲಿಲ್ಲ. ಅದನ್ನು ಬರೆದವರಿಗೆ ನನ್ನ ನಮಸ್ಕಾರ ತಿಳಿಸಿ.

ಮುನ್ನೂರು ಸಂಚಿಕೆ ದಾಟಿದ ಮೇಲೆ ಆಕೆ ಶಾಲೆಯ ಮೇಷ್ಟ್ರನ್ನು ಮದುವೆಯಾಗಲು ಒಪ್ಪಿದಳು. ಯಾರ ಒತ್ತಾಯವೂ ಇರಲಿಲ್ಲ. ತಾನೇ ಯೋಚಿಸಿ, ತಾನೇ ಹೇಳಿದಳು. ಮಾರನೇ ದಿನ ತೋಟದಲ್ಲಿ ಮೆಣಸು ಕೊಯ್ಯುವವರ ಬಾಯಲ್ಲೂ ಅದೇ ಮಾತು, ಬಸ್ಸಿನಲ್ಲೂ ಅದೇ ಮಾತು. ಅಷ್ಟರಲ್ಲಿ ನಿಮ್ಮ ಪ್ರೊಮೋ ಬಂತು. ಮದುವೆ ದಿನ ಬಾಗಿಲಲ್ಲಿ ಗಂಡ ನಿಂತಿದ್ದಾನೆ! ಇಷ್ಟು ದಿನ ಎಲ್ಲಿದ್ದ ಎಂದರೆ ನೆನಪು ಹೋಗಿತ್ತಂತೆ.

ಸಿಟ್ಟು ಬಂದದ್ದು ನಿಜ. ಆದರೆ ನಾನು ಈ ಪತ್ರ ಬರೆಯಲು ಕೂತದ್ದು ಬೇರೆ ಕಾರಣಕ್ಕೆ.

ನಮ್ಮ ಕಡೆ 2018ರ ಆಗಸ್ಟ್‌ನಲ್ಲಿ ಏನಾಯಿತು ಎಂದು ನಿಮಗೆ ಗೊತ್ತಿರಬೇಕು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಒಂದೇ ವಾರದಲ್ಲಿ ಗುಡ್ಡಗಳು ಕೆಳಗೆ ಬಂದವು. ಮಡಿಕೇರಿಗೆ ಹೋಗುವ ನಮ್ಮ ರಸ್ತೆಯೇ ಹೋಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿ ಕುಸಿಯಿತು. ಮಣ್ಣಿನಡಿ ಹೋದವರಲ್ಲಿ ಎಲ್ಲರೂ ಸಿಗಲಿಲ್ಲ. ನಿಮ್ಮ ಧಾರಾವಾಹಿಯ ಮೊದಲ ವಾರ ತೋರಿಸಿದ ಕುಸಿತ ಇದೇ ಅಲ್ವಾ? ಅದೇ ಕೆಂಪು ಮಣ್ಣು, ಅದೇ ಅರ್ಧ ಮುರಿದ ಮನೆ. ಆಗ ನಾವು ಬೇಸರ ಮಾಡಿಕೊಳ್ಳಲಿಲ್ಲ. ನಮ್ಮ ಕಥೆಯನ್ನೂ ಯಾರೋ ಹೇಳುತ್ತಿದ್ದಾರೆ ಎಂದೇ ಅಂದುಕೊಂಡೆವು.

ಮನೆ ಕಳೆದುಕೊಂಡವರಿಗೆ ಜಂಬೂರಿನಲ್ಲಿ ಕಟ್ಟಿದ ಮನೆಗಳಲ್ಲಿ ನನ್ನ ಪರಿಚಯದ ಒಬ್ಬ ಅಕ್ಕ ಇದ್ದಾರೆ. ಅವರ ಅಣ್ಣ ಆ ಮಳೆಯಲ್ಲಿ ಹೋದರು, ದೇಹ ಸಿಗಲಿಲ್ಲ. ಗಂಡ ಮರಳಿ ಬಂದ ಸಂಚಿಕೆಯ ದಿನ ನಾನು ಅವರ ಮನೆಯಲ್ಲೇ ಇದ್ದೆ. ಕೈಯಲ್ಲಿ ಕಾಫಿ ಲೋಟ ಹಿಡಿದು ನೋಡುತ್ತಿದ್ದರು. ಬಾಗಿಲಲ್ಲಿ ಅವನ ಮುಖ ಕಂಡ ಕೂಡಲೇ ಲೋಟ ಕೆಳಗಿಟ್ಟರು. ಜಾಹೀರಾತು ಬಂತು, ಹೋಯಿತು. ಕಾಫಿ ಮೇಲೆ ಕೆನೆ ಕಟ್ಟಿತು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು, "ಹಾಗೆ ಎಲ್ಲಾದರೂ ಇರಬಹುದಾ?" ನನಗೆ ಬಾಯಿ ಬರಲಿಲ್ಲ. ಅವರು ಎದ್ದು ಹೊರಗೆ ಹೋಗಿ ಒಣಗಿದ ಬಟ್ಟೆಯನ್ನೇ ಮತ್ತೆ ಮಡಚುತ್ತಾ ಕೂತರು.

ಅಣ್ಣ ಇನ್ನಿಲ್ಲ ಎಂದು ಒಪ್ಪಿಕೊಳ್ಳಲು ಅವರಿಗೆ ವರ್ಷಗಟ್ಟಲೆ ಬೇಕಾಯಿತು. ದೇಹ ಸಿಗದಿದ್ದರೆ ಮರಣ ಪತ್ರಕ್ಕೂ ಅಲೆಯಬೇಕು. ಏಳು ವರ್ಷ ಸುದ್ದಿ ಇಲ್ಲದವರನ್ನು ತೀರಿಕೊಂಡರು ಎಂದು ಕಾನೂನು ಭಾವಿಸುತ್ತದೆ, ಅದಕ್ಕೂ ಮುಂಚೆ ಪತ್ರ ಬೇಕಾದರೆ ಓಡಾಟ ಜಾಸ್ತಿ. ನಿಮ್ಮ ಕಥೆಯಲ್ಲಿ ಈ ಕಷ್ಟ ಒಂದು ಸಂಚಿಕೆಯಲ್ಲೂ ಬರಲಿಲ್ಲ. ದೇಹ ಸಿಗಲಿಲ್ಲ ಎಂಬುದನ್ನು ಮುಂದೆ ಬೇಕಾದಾಗ ತೆಗೆಯಲು ಸುಮ್ನೆ ಎತ್ತಿಟ್ಟುಕೊಂಡಿರಿ. ಗುರುವಾರ ಬರುವ ಟಿಆರ್‌ಪಿ ಲೆಕ್ಕ ನಿಮಗೆ ಮುಖ್ಯ, ಅದು ಅರ್ಥವಾಗುತ್ತದೆ. ಆದರೂ ಇದನ್ನು ಮುಟ್ಟಬಾರದಿತ್ತು.

ಆಮೇಲಿನ ಎರಡು ವಾರ ಇನ್ನೂ ಬೇಸರ. ಆಕೆ ಜೀಪಿನ ಕೀಯನ್ನು ಸೆರಗಿನಿಂದ ಬಿಚ್ಚಿ ಗಂಡನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಮೇಷ್ಟ್ರು ರಾತ್ರೋರಾತ್ರಿ ಕೆಟ್ಟವನಾದ, ತೋಟದ ಆಸೆಗೇ ಬಂದವನಂತೆ. ಮಕ್ಕಳಿಗೆ ತನ್ನ ಬುತ್ತಿ ಕೊಟ್ಟು ಹಸಿದು ಕೂತಿದ್ದ ಮನುಷ್ಯ ಅವನು! ಊರವರೆಲ್ಲ ಸೇರಿ ಆಕೆಗೆ "ಗಂಡ ಇರುವಾಗಲೇ ಇನ್ನೊಂದು ಮದುವೆಗೆ ಹೊರಟವಳು" ಎಂದು ಬೈದರು. ಆಕೆ ತಪ್ಪಾಯಿತು ಎಂದು ಅತ್ತಳು. ಏನು ತಪ್ಪು?

ನೀವು ಆಕೆಯನ್ನು ಕೊಡವರ ಹುಡುಗಿ ಎಂದು ತೋರಿಸಿದ್ದೀರಿ. ನಾನೂ ಕೊಡವತಿ. ಗಂಡ ತೀರಿದ ಹೆಣ್ಣು ಮತ್ತೆ ಮದುವೆಯಾಗುವುದಕ್ಕೆ ನಮ್ಮಲ್ಲಿ ಹಿಂದಿನಿಂದಲೂ ಕೂಡಾವಳಿ ಎಂಬ ಹೆಸರೇ ಇದೆ. ಅದನ್ನು ಪಾಪ ಎಂದು ಹಳಿಯುವ ಊರನ್ನು ನೀವು ಎಲ್ಲಿಂದ ತಂದಿರಿ? ಆ ಮದುವೆ ಮನೆಯಲ್ಲಿ ಪುರೋಹಿತರು ಹೋಮ ಮಾಡುತ್ತಿದ್ದರು. ನಮ್ಮ ಮದುವೆಗೆ ಹೋಮವೂ ಇಲ್ಲ, ಪುರೋಹಿತರೂ ಇಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿ ಎಂಬ ಮೂತಿ ಇರುವ ಪಾತ್ರೆಯಿಂದ ಹಾಲು ಕುಡಿಸಿ, ಕೈಗೆ ಕಾಸು ಕೊಟ್ಟು ಹರಸುತ್ತಾರೆ. ಸೀರೆಯ ನೆರಿಗೆ ಹಿಂದಕ್ಕೆ ಹಾಕಿಸಿದ್ದಿರಿ, ಅದೊಂದು ಸರಿ ಇತ್ತು.

ಸತ್ತ ಪಾತ್ರಗಳು ಹಿಂದೆಯೂ ಮರಳಿ ಬಂದಿವೆ. 2000ದಲ್ಲಿ ಶುರುವಾದ ಹಿಂದಿಯ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ'ಯಲ್ಲಿ ನಾಯಕಿಯ ಗಂಡ ಮಿಹಿರ್ ಸತ್ತಾಗ ಜನ ಗಲಾಟೆ ಮಾಡಿದರು, ಅವನನ್ನು ವಾಪಸ್ ತಂದರು. ಅಲ್ಲಿ ನೋಡುವವರೇ ಕೇಳಿದ್ದರು. ಇಲ್ಲಿ ಈ ಗಂಡ ಬೇಕು ಎಂದವರನ್ನು ನಾನು ಒಬ್ಬರನ್ನೂ ಕಂಡಿಲ್ಲ.

ನಡೆದುಹೋದ ಸಂಚಿಕೆಗಳನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೇಳುತ್ತಿಲ್ಲ. ಮುಂದಿನವು ನಿಮ್ಮ ಕೈಯಲ್ಲೇ ಇವೆ. ಮದುವೆಗೆ ಒಪ್ಪಿದ್ದು ತಪ್ಪಲ್ಲ ಎಂದು ಆಕೆಯ ಬಾಯಿಂದಲೇ ಹೇಳಿಸಿ. ಯಾರ ಜೊತೆ ಇರಬೇಕು, ಇರಬೇಕಾ ಬೇಡವಾ, ಆಕೆಯೇ ತೀರ್ಮಾನ ಮಾಡಲಿ. ಮೇಷ್ಟ್ರ ಒಳ್ಳೆತನ ಅವನಿಗೆ ವಾಪಸ್ ಕೊಡಿ. ಕುಸಿತದ ದೃಶ್ಯವನ್ನು ಪ್ರೊಮೋದಲ್ಲಿ ದಿನಾ ಹಾಕುವುದನ್ನು ಇವತ್ತೇ ನಿಲ್ಲಿಸಿ, ಮಳೆಗಾಲದಲ್ಲಂತೂ ಬೇಡವೇ ಬೇಡ.

2021ರಲ್ಲಿ ತಿದ್ದಿದ ಕೇಬಲ್ ಟಿವಿ ನಿಯಮದಂತೆ ದೂರು ತಲುಪಿತು ಎಂದು 24 ಗಂಟೆಯೊಳಗೆ ತಿಳಿಸಬೇಕು, 15 ದಿನದೊಳಗೆ ಉತ್ತರ ಕೊಡಬೇಕು. ಇಲ್ಲಿ ಕರೆಂಟ್ ಹೋದರೆ ಮೇಲ್ ನೋಡಲು ಆಗುವುದಿಲ್ಲ, ದಯವಿಟ್ಟು ಅಂಚೆಯಲ್ಲೂ ಕಳಿಸಿ. ಬಂದ ಉತ್ತರವನ್ನು ಜಂಬೂರಿನ ಆ ಅಕ್ಕನಿಗೂ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ವೀಕ್ಷಕಿ