ಗೌತಮಪುರದ ಫುಟ್‌ಬಾಲ್ ಗ್ರೌಂಡ್ ಉಳಿಸಿಕೊಂಡು ಬಂದ ಎಲ್ಲರಿಗೂ

ನಮ್ಮ ಫುಟ್‌ಬಾಲಿನ ಹಳೇ ಫೋಟೋಗಳ ಪ್ರದರ್ಶನ ಮುಗೀತು, ಫೋಟೋಗಳನ್ನೆಲ್ಲ ಇಳಿಸಿ ಜೋಪಾನವಾಗಿ ಎತ್ತಿಟ್ಟಿದೀವಿ. ಅವತ್ತಿಂದ ಫೋನ್ ಮಾಡಿ ಚೆನ್ನಾಗಿತ್ತು ಅಂತ ಹೇಳ್ತಿರೋರಿಗೆಲ್ಲ ನಾನು ಒಂದೇ ಮಾತು ಹೇಳ್ತಿದೀನಿ, ಥ್ಯಾಂಕ್ಸ್ ನನಗಲ್ಲ, ತಮ್ಮ ಮನೆ ಗೋಡೆಯಿಂದ ಫ್ರೇಮ್ ಬಿಚ್ಚಿ ಕೊಟ್ಟೋರಿಗೆ, ಟ್ರಂಕಿನ ತಳದಿಂದ ಹಳೇ ಜೆರ್ಸಿ ಹುಡುಕಿ ತೆಗೆದೋರಿಗೆ ಹೇಳಿ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋಕೆ ಆಗ್ತಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಗೊತ್ತಿಲ್ಲದೋರಿಗೆ ಹೇಳ್ತೀನಿ, ಗೌತಮಪುರ ಅಂದ್ರೆ ಬೆಂಗಳೂರಿನ ಹಲಸೂರಲ್ಲಿರೋ ಪುಟ್ಟ ಏರಿಯಾ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಬ್ರೆಜಿಲಿನ ಫುಟ್‌ಬಾಲ್ ಆಟಗಾರ ಪೆಲೆ ಪ್ರತಿಮೇನೂ ಇರೋ ಜಾಗ ಇದು. ವರ್ಲ್ಡ್ ಕಪ್ ಬಂದ್ರೆ ಬೀದಿ ತುಂಬ ಬ್ರೆಜಿಲ್ ಬಾವುಟ ನೋಡ್ತೀರಿ. ಟೀವಿಯೋರು ನಾಲ್ಕು ವರ್ಷಕ್ಕೊಂದ್ಸಲ ಬರ್ತಾರೆ, ಮಿನಿ ಬ್ರೆಜಿಲ್ ಅಂತ ಹೇಳಿ ಹೋಗ್ತಾರೆ, ಅದೂ ಸಂತೋಷಾನೇ. ಆದ್ರೆ ಈ ಹುಚ್ಚು ಪೆಲೆ ಹುಟ್ಟೋಕೆ ಮುಂಚೇನೇ ಇಲ್ಲಿ ಶುರುವಾಗಿತ್ತು. ದಂಡು ಪ್ರದೇಶ ಇದು, ಬ್ರಿಟಿಷ್ ಸೋಲ್ಜರ್‌ಗಳು ಆಡ್ತಿದ್ರು, ಅವರ ಬ್ಯಾರಕ್ಕಲ್ಲಿ, ಅಡುಗೆಮನೇಲಿ ಕೆಲಸಕ್ಕಿದ್ದ ನಮ್ಮೋರು ನೋಡಿ ನೋಡಿ ಕಲಿತ್ರು. ಅವರಿಗೆ ಬೂಟು, ನಮಗೆ ಬರಿಗಾಲು.

ಆ ಬರಿಗಾಲಿನ ವಿಷಯ ನಮಗೆಲ್ಲ ತೋರಿಸಿಕೊಟ್ಟಿದ್ದು ಮೂರನೇ ಬೀದಿ ತಾತ. (ಹೆಸರು ಹಾಕ್ಬೇಡಪ್ಪಾ ಅಂದ್ರು, ಅದಕ್ಕೆ ಹಾಕಿಲ್ಲ.) ಪ್ರದರ್ಶನದಲ್ಲಿ ಒಂದು ಹಳೇ ಟೀಮ್ ಫೋಟೋ ಇತ್ತಲ್ಲ, ಎಲ್ಲರ ಕಾಲಿಗೂ ಬಿಳಿ ಪಟ್ಟಿ ಸುತ್ತಿರೋದು, ಅದನ್ನ ನೋಡಿ ಹುಡುಗರು ಎಲ್ಲರಿಗೂ ಏಟಾಗಿತ್ತಾ ತಾತ ಅಂತ ಕೇಳಿದ್ವು. ಅವರು ಅಲ್ಲೇ ಸ್ಟೂಲ್ ಮೇಲೆ ಕೂತು, ಹಳೇ ಪಂಚೆಯಿಂದ ನಾಲ್ಕು ಬೆರಳಗಲ ಪಟ್ಟಿ ಹರಿದು, ಪಾದದ ಕೆಳಗಿಂದ ತಂದು ಕಾಲಿನ ಗೆಣ್ಣಿನ ಮೇಲೆ ದಾಟಿಸಿ, ಹಿಮ್ಮಡಿ ಹಿಂದೆ ಎಳೆದು ಮತ್ತೆ ಪಾದದಡಿಗೆ ತಂದು ಕಟ್ಟಿ ತೋರಿಸಿದ್ರು. ಬೆರಳುಗಳು ಪೂರ್ತಿ ಹೊರಗಡೆ. ಗೆಣ್ಣು ಉಳುಕಬಾರದು ಅಂತ ಪಟ್ಟಿ, ಬಾಲು ಬೆರಳಿಗೆ ಗೊತ್ತಾಗ್ಬೇಕು ಅಂತ ತುದಿ ಬಿಡೋದು ಅಂದ್ರು. ಆ ಕಾಲದ ಬಾಲ್ ದಪ್ಪ ಚರ್ಮದ್ದು, ಒಳಗೆ ಬ್ಲ್ಯಾಡರ್, ಮೇಲೆ ಲೇಸ್ ಹಾಕಿ ಬಿಗೀಬೇಕು, ಮಳೇಲಿ ನೆಂದ್ರೆ ಕಲ್ಲಿನಷ್ಟು ಭಾರ, ಹೆಡ್ ಮಾಡುವಾಗ ಲೇಸ್ ಇರೋ ಕಡೆ ಹಣೆಗೆ ಬಿದ್ರೆ ಚರ್ಮ ಕಿತ್ಕೊಂಡು ಬರ್ತಿತ್ತಂತೆ. ತಾತಾ, ಅವತ್ತು ನೀವು ಕಟ್ಟಿ ತೋರಿಸಿದ್ದನ್ನ ನಮ್ಮ ಅಂಡರ್-13 ಹುಡುಗರು ಇನ್ನೂ ಪ್ರಾಕ್ಟೀಸ್ ಮಾಡ್ತಿದಾರೆ. ನಿಮಗೆ ದೊಡ್ಡ ನಮಸ್ಕಾರ.

ಇದೇ ಬೆಂಗಳೂರಿನ ಬರಿಗಾಲು ಲಂಡನ್ ತನಕ ಹೋಗಿದೆ. 1948ರ ಒಲಿಂಪಿಕ್ಸಲ್ಲಿ ಫ್ರಾನ್ಸ್ ಮೇಲೆ ಆಡಿದ ಇಂಡಿಯಾ ಟೀಮಲ್ಲಿ ಹೆಚ್ಚಿನೋರು ಬೂಟಿಲ್ದೇ ಆಡಿದ್ರು, ಎರಡು ಪೆನಾಲ್ಟಿ ಮಿಸ್ ಆಗಿ 2-1ರಲ್ಲಿ ಸೋತ್ವಿ, ಆದ್ರೆ ಆ ಒಂದು ಗೋಲು ಹೊಡೆದೋರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲನೇ ಒಲಿಂಪಿಕ್ ಫುಟ್‌ಬಾಲ್ ಗೋಲು ಅದು! ಅದೇ ಟೀಮಲ್ಲಿದ್ದ ನಮ್ಮೂರಿನ ಅಹ್ಮದ್ ಖಾನ್ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಲ್ಲಿ ಪಂಚಪಾಂಡವರು ಅಂತ ಹೆಸರಾದ ಐದು ಫಾರ್ವರ್ಡ್‌ಗಳಲ್ಲಿ ಒಬ್ರು. ಇದನ್ನೆಲ್ಲ ಶಾಲೆ ಮಕ್ಕಳಿಗೆ ಯಾರೂ ಹೇಳಲ್ಲ ಅನ್ನೋದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ. ಬೆಂಗಳೂರ್ ಮುಸ್ಲಿಮ್ಸ್ ಕ್ಲಬ್ಬು 1937ರಲ್ಲಿ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂತು, ಅಲ್ಲೀವರೆಗೂ ಆ ಕಪ್ಪು ಬ್ರಿಟಿಷ್ ಟೀಮ್‌ಗಳ ಕೈಯಲ್ಲೇ ಇತ್ತು, ಮುಂದಿನ ವರ್ಷಾನೂ ಬಿಟ್ಟುಕೊಡಲಿಲ್ಲ. ಆ ಕ್ಲಬ್ಬಿನ ಬಗ್ಗೆ ತಮ್ಮ ಅಪ್ಪ ಹೇಳ್ತಿದ್ದ ಕಥೆಗಳನ್ನ ಶಿವಾಜಿನಗರದಿಂದ ಬಂದು ನಮ್ಮ ಮಕ್ಕಳ ಮುಂದೆ ನಿಂತು ಹೇಳಿದ ಚಾಚಾ, ಶುಕ್ರಿಯಾ. ಅವತ್ತು ನಿಮಗೆ ಟೀ ಕೊಡೋಕೂ ಆಗಲಿಲ್ಲ ಅಷ್ಟು ಜನ ಸುತ್ಕೊಂಡಿದ್ರು.

ನಮ್ಮ ಗ್ರೌಂಡಿನ ಹೆಮ್ಮೆ ಬಗ್ಗೆ ಹೇಳೋದಾದ್ರೆ ಅರುಮೈನಾಯಗಂ ಅವರಿಂದ ಶುರು ಮಾಡ್ಬೇಕು. 1962ರ ಜಕಾರ್ತಾ ಏಷ್ಯನ್ ಗೇಮ್ಸಲ್ಲಿ ಸೌತ್ ಕೊರಿಯಾನ 2-1ರಲ್ಲಿ ಸೋಲಿಸಿ ಇಂಡಿಯಾ ಚಿನ್ನ ತಂತಲ್ಲ, ಆ ಟೀಮಲ್ಲಿದ್ರು ಈ ಬೀದಿಯ ಹುಡುಗ. ಆಮೇಲೆ ಉಲಗನಾಥನ್, ಇಲ್ಲಿಂದ ಕೋಲ್ಕತ್ತಾದ ಮೋಹನ್ ಬಗಾನ್ ಕ್ಲಬ್ಬಿಗೆ ಹೋದೋರು. ಇಬ್ಬರ ಹೆಸರನ್ನೂ ಇವತ್ತಿಗೂ ನಮ್ಮಲ್ಲಿ ಮನೆಯೋರ ಹೆಸರಿನ ಥರ ಹೇಳ್ತಾರೆ.

ಈಗ ನಾನು ಮುಖ್ಯವಾಗಿ ಹೇಳ್ಬೇಕಾದ್ದು. ದೊಡ್ಡ ಆಟಗಾರರ ಹೆಸರು ಎಲ್ಲೋ ಒಂದು ಕಡೆ ಇರುತ್ತೆ, ಪೇಪರಲ್ಲೋ ರೆಕಾರ್ಡಲ್ಲೋ. ಸಣ್ಣ ಕ್ಲಬ್ಬಿನೋರ ಹೆಸರು ಎಲ್ಲೂ ಇರಲ್ಲ. ಮ್ಯಾಚ್ ದಿನ ಬೆಳಗ್ಗೆ ಐದಕ್ಕೆ ಬಂದು ಹಗ್ಗ ಹಿಡಿದು ಸುಣ್ಣದ ಗೆರೆ ಹಾಕ್ತಿದ್ದೋರು, ಹರಿದ ನೆಟ್ಟನ್ನ ಮನೆಗೆ ಒಯ್ದು ಗಂಟು ಹಾಕಿ ತರ್ತಿದ್ದೋರು, ಎಂಟ್ರಿ ಫೀಸಿಗೆ ಅಂಗಡಿ ಅಂಗಡಿ ತಿರುಗಿದೋರು, ಹನ್ನೊಂದು ಹುಡುಗರಿಗೂ ಒಂದೇ ಕಲರ್ ಬನಿಯನ್ ಬೇಕು ಅಂತ ಬಕೆಟ್ಟಲ್ಲಿ ಬಣ್ಣ ಕಲಸಿ ಅದ್ದಿ ಒಣಗಿಸಿದ ಅಮ್ಮಂದಿರು. ಆ ಬಣ್ಣ ಮೊದಲ ಮಳೆಗೇ ಮೈಗೆಲ್ಲ ಇಳೀತಿತ್ತು ಅಂತ ಸೆಲ್ವಿ ಅಕ್ಕ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅಕ್ಕಾ, ನಿಮ್ಮ ಅಮ್ಮನ ಫೋಟೋನ ಟೀಮ್ ಫೋಟೋ ಪಕ್ಕಾನೇ ಹಾಕಿದ್ವಿ, ಅದು ಅವರದ್ದೇ ಜಾಗ.

ಇನ್ನೊಂದು ಗುಂಪಿಗೂ ಥ್ಯಾಂಕ್ಸ್ ಹೇಳ್ಬೇಕು, ಫ್ಯಾಕ್ಟರಿ, ಸರ್ಕಾರಿ ಸಂಸ್ಥೆ, ಮಿಲಿಟರಿ ಟೀಮ್‌ಗಳಿಗೆ. ಐಟಿಐ (ಟೆಲಿಫೋನ್ ಫ್ಯಾಕ್ಟರಿ), ಎಚ್‌ಎಎಲ್ (ವಿಮಾನ ಫ್ಯಾಕ್ಟರಿ), ಎಲ್‌ಆರ್‌ಡಿಇ (ರೇಡಾರ್ ಲ್ಯಾಬ್), ಎಂಇಜಿ (ಸೇನೆಯ ಎಂಜಿನಿಯರ್ ದಳ) ಅಂದ್ರೆ ಈಗಿನ ಹುಡುಗರಿಗೆ ಬಸ್ ಸ್ಟಾಪ್ ಹೆಸರು ಅನ್ಸಬಹುದು, ಆದ್ರೆ ನಮ್ಮ ಹಿರಿಯರಿಗೆ ಅದು ಲೀಗ್ ಟೇಬಲ್. ಚೆನ್ನಾಗಿ ಆಡಿದ್ರೆ ಸ್ಪೋರ್ಟ್ಸ್ ಕೋಟಾದಲ್ಲಿ ಪರ್ಮನೆಂಟ್ ಕೆಲಸ, ಸಂಬಳ, ಕ್ಯಾಂಟೀನ್ ಊಟ, ಮಧ್ಯಾಹ್ನದ ಮೇಲೆ ಪ್ರಾಕ್ಟೀಸಿಗೆ ಪರ್ಮಿಷನ್. ಒಬ್ಬ ಹುಡುಗ ಕಾಲಿನ ಜೋರಲ್ಲಿ ಇಡೀ ಮನೇನ ಮೇಲೆತ್ತಬಹುದಿತ್ತು, ಎಷ್ಟೋ ಮನೆಗಳು ಹಾಗೇ ಮೇಲೆ ಬಂದ್ವು. ಆ ಕೋಟಾ ಕೆಲಸಗಳು ಕಮ್ಮಿ ಆಗ್ತಾ ಬಂದ ಮೇಲೆ ಸಣ್ಣ ಕ್ಲಬ್ಬುಗಳಿಗೂ ಉಸಿರು ಕಟ್ಟಿತು ಅಂತ ನನ್ನ ಅಭಿಪ್ರಾಯ, ಅಪ್ಪ ಅಮ್ಮಂಗೆ ಹೇಳೋಕೆ ಏನಿದೆ ಹೇಳಿ, ಹದಿನೆಂಟು ವರ್ಷದ ಹುಡುಗ ಬೆಳಗ್ಗೆ ಎದ್ದು ಗ್ರೌಂಡಿಗೆ ಬರೋದಾ, ಡೆಲಿವರಿಗೆ ಹೋಗೋದಾ? ಅಂಥ ಕಷ್ಟದಲ್ಲೂ ಬರ್ತಿರೋ ನಮ್ಮ ಹುಡುಗರು, ಡ್ಯೂಟಿ ಮುಗಿಸಿ ಸೀದಾ ಬಂದು ಫ್ರೇಮ್ ಹೊತ್ತ ಹುಡುಗರು, ನಿಮ್ಮನ್ನ ಮರೆಯಲ್ಲ ಕಣ್ರೋ.

ಆಸ್ಟಿನ್ ಟೌನ್ ಸ್ನೇಹಿತರಿಗೆ ಸ್ಪೆಷಲ್ ಥ್ಯಾಂಕ್ಸ್. ಮೈದಾನದಲ್ಲಿ ನಿಮಗೂ ನಮಗೂ ಹಳೇ ಪೈಪೋಟಿ, ಆದ್ರೂ ಕಾರ್ಲ್‌ಟನ್ ಚಾಪ್‌ಮನ್ ಅವರ ಮೂಲೆ ಮಾಡ್ತೀವಿ ಅಂದ ತಕ್ಷಣ ಕೈ ಜೋಡಿಸಿದ್ರಿ. ನಿಮ್ಮ ಬೀದೀಲಿ ಬೆಳೆದು ಇಂಡಿಯಾ ಕ್ಯಾಪ್ಟನ್ ಆದೋರು, 1993ರಲ್ಲಿ ಇರಾಕಿನ ಅಲ್ ಜವ್ರಾ ಟೀಮ್ ಮೇಲೆ ಈಸ್ಟ್ ಬೆಂಗಾಲಿಗೆ ಹ್ಯಾಟ್ರಿಕ್ ಹೊಡೆದೋರು, 2020ರ ಅಕ್ಟೋಬರಲ್ಲಿ ಇನ್ನೂ ಐವತ್ತಾಗದೇ ಹೊರಟುಬಿಟ್ರು. ಅವರ ಫೋಟೋ ಮುಂದೆ ಎಷ್ಟೊಂದು ಜನ ಸುಮ್ನೆ ನಿಂತು ಹೋದ್ರು, ನೋಡಿದ್ರಲ್ಲ.

ಕೊನೇ ಬೋರ್ಡಲ್ಲಿ ಸಂತೋಷ್ ಟ್ರೋಫಿ, ಅಂದ್ರೆ ರಾಜ್ಯ ರಾಜ್ಯಗಳ ನಡುವಿನ ಫುಟ್‌ಬಾಲ್ ಕಪ್, ಹಾಕಿದ್ವಿ. ಮೈಸೂರು ರಾಜ್ಯ ಅಂತಿದ್ದಾಗ ನಾಲ್ಕು ಸಲ ಗೆದ್ದಿದ್ದು, ಕೊನೇದು 1968-69ರಲ್ಲಿ. ಆಮೇಲೆ 54 ವರ್ಷ ಕಾದು, 2023ರ ಮಾರ್ಚ್ 4ಕ್ಕೆ ಸೌದಿ ಅರೇಬಿಯಾದ ರಿಯಾದಲ್ಲಿ ಮೇಘಾಲಯಾನ 3-2ರಲ್ಲಿ ಸೋಲಿಸಿದ್ವಿ. ಮಧ್ಯದಲ್ಲಿ ಎಷ್ಟೋ ಒಳ್ಳೇ ಆಟಗಾರರು ಆ ಕಪ್ಪು ಮುಟ್ಟದೇನೇ ಬೂಟು ಬಿಚ್ಚಿಟ್ರು, ಅವರಲ್ಲಿ ಇಬ್ಬರು ಮೂವರು ಅವತ್ತು ಆ ಬೋರ್ಡ್ ಮುಂದೆ ನಿಂತು ಒಬ್ಬರಿಗೊಬ್ಬರು ಕೈ ಕೊಟ್ಕೊಂಡ್ರು. ಅಣ್ಣಂದಿರಾ, ಲೀಗ್ ಮ್ಯಾಚ್‌ಗೆ ಜನ ಬರ್ಲಿ ಬಿಡ್ಲಿ ನೀವು ಆಡ್ತಾ ಇದ್ರಿ, ಅದಕ್ಕೇ ನಾವು ನೋಡ್ತಾ ಬೆಳೆದ್ವಿ.

ಕರೆಂಟ್ ಎಳೆದುಕೊಟ್ಟ ಎಲೆಕ್ಟ್ರಿಷಿಯನ್ ಅಣ್ಣ, ಚೇರು ಶಾಮಿಯಾನಕ್ಕೆ ಕಾಸು ತಗೊಳ್ದೇ ಇದ್ದೋರು, ತಮಿಳಲ್ಲಿ ಹೇಳಿದ ಕಥೆಗಳನ್ನ ಕನ್ನಡಕ್ಕೆ ಬರೆದುಕೊಟ್ಟ ಕಾಲೇಜ್ ಹುಡುಗಿಯರು (ಇವರಲ್ಲಿ ಇಬ್ಬರು ನಮ್ಮ ಹೊಸ ಹುಡುಗಿಯರ ಟೀಮಿನ ಡಿಫೆಂಡರ್ಸ್), ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಫೋಟೋ ಕೊಟ್ಟೋರು ಸಂಜೆ ಆರರ ಮೇಲೆ ಯಾವತ್ತಾದ್ರೂ ಗ್ರೌಂಡ್ ಹತ್ರ ಬಂದು ವಾಪಸ್ ತಗೊಳ್ಳಿ, ಎಲ್ಲದರ ಸ್ಕ್ಯಾನ್ ಕಾಪಿ ಮಾಡಿಸಿದೀವಿ, ಬೇಕಾದೋರಿಗೆ ಕಳಿಸ್ತೀವಿ. ಇನ್ನೂ ಯಾರ ಮನೇಲಾದ್ರೂ ಹಳೇ ಟೀಮ್ ಫೋಟೋ ಇದ್ರೆ ದಯವಿಟ್ಟು ಈಗಲೇ ಮನೆಯ ಹಿರಿಯರನ್ನ ಕೂರಿಸ್ಕೊಂಡು, ಎಡಗಡೆಯಿಂದ ನಿಂತಿರೋರು ಯಾರ್ಯಾರು, ಕೂತಿರೋರು ಯಾರ್ಯಾರು ಅಂತ ಕೇಳಿ ಹಿಂದುಗಡೆ ಪೆನ್ಸಿಲಲ್ಲಿ ಬರೆದಿಡಿ.